ಅಶೋಕನ ಅಡುಗೆಮನೆ: ಎರಡು ನವಿಲು, ಒಂದು ಜಿಂಕೆ

ಕೊಪ್ಪಳದ ಶ್ರೀ ಗವಿಮಠಕ್ಕೆ ಹೋಗುವ ಸದ್ಭಕ್ತರು ಗವಿಸಿದ್ಧೇಶ್ವರರ ಗದ್ದುಗೆಯ ದರ್ಶನ ಪಡೆಯುತ್ತಾರೆ, ದಾಸೋಹದಲ್ಲಿ ಪ್ರಸಾದ ಸ್ವೀಕರಿಸುತ್ತಾರೆ, ಕೃತಾರ್ಥಭಾವದಿಂದ ಊರಿಗೆ ಹಿಂದಿರುಗುತ್ತಾರೆ. ಆದರೆ ಮಠವಿರುವ ಅದೇ ಬೆಟ್ಟದ ಬಂಡೆಯೊಂದರ ಮೇಲೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಬ್ರಾಹ್ಮೀ ಅಕ್ಷರಗಳಿವೆ ಎಂಬುದು ಎಲ್ಲರ ಗಮನಕ್ಕೆ ಬರುವುದಿಲ್ಲ. ಆ ಬರಹ ಮೌರ್ಯ ಚಕ್ರವರ್ತಿ ಅಶೋಕನದು. ಸನಿಹದಲ್ಲಿಯೇ ಇರುವ ಪಾಲ್ಕಿಗುಂಡು ಎಂಬ ಬೆಟ್ಟದಲ್ಲಿಯೂ ಅದೇ ಸಂದೇಶದ ಮತ್ತೊಂದು ಶಾಸನವಿದೆ. ದೂರದ ಪಾಟಲಿಪುತ್ರದ ಅರಸನೊಬ್ಬನು ತನ್ನ ಬದುಕಿನ ಅತ್ಯಂತ ಆಪ್ತವಾದ ಮಾತೊಂದನ್ನು ನಮ್ಮ ನಾಡಿನ ಕಲ್ಲಿನ ಮೇಲೆ ಬರೆಸಿ ಹೋಗಿದ್ದಾನೆ.

ಮಠಗಳಿಗೆ ಬರುವ ಭಕ್ತರಲ್ಲಿ ಹಲವರು ಪೂಜ್ಯರ ಮುಂದೆ ಸಂಕೋಚದಿಂದಲೇ ನಿವೇದಿಸಿಕೊಳ್ಳುವ ಪ್ರಶ್ನೆಯೊಂದಿದೆ. ಬಾಲ್ಯದಿಂದ ರೂಢಿಯಾದ ಮಾಂಸಾಹಾರವನ್ನು ಬಿಡಬೇಕೆಂಬ ಮನಸ್ಸಾಗಿದೆ, ಆದರೆ ಬಿಡಲು ಸಾಧ್ಯವೇ? ಒಂದು ತಿಂಗಳು ಬಿಟ್ಟೆ, ಮತ್ತೆ ನಾಲಿಗೆ ಸೋತಿತು. ಇನ್ನು ನನ್ನಂಥವನಿಂದ ಆದೀತೇ? ಮನೆಯವರು ಬಿಡದಿದ್ದರೆ ನಾನೊಬ್ಬನೇ ಬಿಟ್ಟು ಫಲವೇನು? ಈ ಪ್ರಶ್ನೆಗಳಿಗೆ ಉಪದೇಶಕ್ಕಿಂತ ಒಂದು ಬದುಕೇ ಉತ್ತರವಾಗಬಲ್ಲದು. ಅಂಥ ಬದುಕನ್ನು ಬಾಳಿದವನು ಅಶೋಕ. ಆತನು ನಮ್ಮ ಮತದವನಲ್ಲ, ನಮ್ಮ ಕಾಲದವನಲ್ಲ. ಬಸವಾದಿ ಶರಣರಿಗಿಂತ ಸುಮಾರು ಸಾವಿರದ ನಾನೂರು ವರ್ಷಗಳಷ್ಟು ಹಿಂದಿನವನು. ಆದರೂ ತನ್ನ ಊಟದ ತಟ್ಟೆಯ ಲೆಕ್ಕವನ್ನು ಲೋಕದ ಮುಂದೆ ಬಿಚ್ಚಿಟ್ಟ ಅರಸನೆಂಬ ಕಾರಣಕ್ಕಾಗಿ ಆತನ ಜೀವನ ನಮಗೆ ಮನನಯೋಗ್ಯವಾಗಿದೆ.

ಅರಮನೆಯ ಬಾಳು

ಮೌರ್ಯ ಸಾಮ್ರಾಜ್ಯವನ್ನು ಸ್ಥಾಪಿಸಿದ ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ ಅಶೋಕ. ಸುಮಾರು ಕ್ರಿ.ಪೂ. 268ರಲ್ಲಿ ಪಟ್ಟಾಭಿಷಿಕ್ತನಾಗಿ, ಕ್ರಿ.ಪೂ. 232ರ ವರೆಗೆ ಆಳಿದನೆಂದು ಇತಿಹಾಸಕಾರರು ಗಣಿಸುತ್ತಾರೆ. ವಾಯವ್ಯದಲ್ಲಿ ಇಂದಿನ ಅಫ್ಘಾನಿಸ್ತಾನದಿಂದ ದಕ್ಷಿಣದಲ್ಲಿ ನಮ್ಮ ಚಿತ್ರದುರ್ಗದ ಸೀಮೆಯವರೆಗೆ ಆತನ ಆಳ್ವಿಕೆ ಹಬ್ಬಿತ್ತು. ಬೌದ್ಧ ಕಥೆಗಳು ಆತನ ಯೌವನವನ್ನು ಘೋರವಾಗಿ ಚಿತ್ರಿಸುತ್ತವೆ. ಸಿಂಹಾಸನಕ್ಕಾಗಿ ಸೋದರರನ್ನೇ ಕೊಂದ ಚಂಡಾಶೋಕನೆಂದು ಕರೆಯುತ್ತವೆ. ಧರ್ಮಕ್ಕೆ ಬಂದ ಮೇಲಿನ ಆತನ ಮಹಿಮೆಯನ್ನು ಎತ್ತಿ ತೋರಿಸಲು ಹಿಂದಿನ ಕತ್ತಲನ್ನು ಗಾಢಗೊಳಿಸಿದ ಕಥೆಗಳಿವು ಎಂಬುದು ವಿದ್ವಾಂಸರ ಅಭಿಪ್ರಾಯ. ಆದುದರಿಂದ ನಾವು ಆತನ ಶಾಸನಗಳನ್ನೇ ಮುಖ್ಯವಾಗಿ ನೆಚ್ಚುವುದು ಲೇಸು.

ಅಂದಿನ ಅರಮನೆಯ ಜೀವನದಲ್ಲಿ ಬೇಟೆಗೆ ದೊಡ್ಡ ಸ್ಥಾನವಿತ್ತು. ಚಂದ್ರಗುಪ್ತನ ಆಸ್ಥಾನಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಾಸ್ತನೀಸನು ಅರಸನು ಬೇಟೆಗೆ ಹೊರಡುವ ವೈಭವವನ್ನು ವರ್ಣಿಸಿದ್ದಾನೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪ್ರಾಣಿವಧೆಯ ಮೇಲ್ವಿಚಾರಣೆಗೆಂದೇ ಸೂನಾಧ್ಯಕ್ಷನೆಂಬ ಅಧಿಕಾರಿಯ ಉಲ್ಲೇಖವಿದೆ. ಯಜ್ಞಗಳಲ್ಲಿ ಪಶುಬಲಿ ನಡೆಯುತ್ತಿತ್ತು, ಜನಸೇರುವ ಉತ್ಸವಗಳಲ್ಲಿ ಮಾಂಸದ ಊಟ ಸಾಮಾನ್ಯವಾಗಿತ್ತು. ಅರಸನ ಪಾಕಶಾಲೆಯಲ್ಲಿ ಸಾರಿಗಾಗಿ ಪ್ರತಿದಿನವೂ ಅನೇಕ ಲಕ್ಷ ಪ್ರಾಣಿಗಳನ್ನು ಕೊಲ್ಲಲಾಗುತ್ತಿತ್ತೆಂದು ಅಶೋಕನೇ ಮುಂದೆ ತನ್ನ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಲಕ್ಷಗಳೆಂಬುದು ಅಕ್ಷರಶಃ ಎಣಿಕೆಯಿರಲಿ, ಲೆಕ್ಕವಿಲ್ಲದಷ್ಟು ಎಂಬ ಅರ್ಥದ ಮಾತಿರಲಿ, ಆ ಅಡುಗೆಮನೆಯ ಒಲೆಗಳ ಮುಂದೆ ಹರಿಯುತ್ತಿದ್ದ ನೆತ್ತರನ್ನು ನಾವು ಊಹಿಸಿಕೊಳ್ಳಬಹುದು. ಅದು ಯಾರಿಗೂ ತಪ್ಪೆಂದು ತೋರಿರಲಿಲ್ಲ. ಹುಟ್ಟಿದಂದಿನಿಂದ ಕಂಡು ಬಂದದ್ದು ಯಾರ ಕಣ್ಣಿಗೂ ಹಿಂಸೆಯಾಗಿ ಕಾಣುವುದಿಲ್ಲ; ಅದು ಪದ್ಧತಿಯಾಗಿಯೇ ಕಾಣುತ್ತದೆ. ಅಶೋಕನಿಗೂ ಹಾಗೆಯೇ ಕಂಡಿತ್ತು.

ಕಳಿಂಗದ ಗಾಯ

ಪಟ್ಟಾಭಿಷೇಕವಾಗಿ ಎಂಟು ವರ್ಷ ಕಳೆದಾಗ ಅಶೋಕನು ಕಳಿಂಗವನ್ನು, ಅಂದರೆ ಇಂದಿನ ಒಡಿಶಾದ ಕರಾವಳಿ ಸೀಮೆಯನ್ನು, ಯುದ್ಧದಲ್ಲಿ ಗೆದ್ದನು. ಆ ಯುದ್ಧದ ಲೆಕ್ಕವನ್ನು ಆತನೇ ತನ್ನ 13ನೆಯ ಬಂಡೆಗಲ್ಲು ಶಾಸನದಲ್ಲಿ ಕೊಟ್ಟಿದ್ದಾನೆ. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು, ಒಂದು ಲಕ್ಷ ಜನ ಹತರಾದರು, ಅದರ ಎಷ್ಟೋ ಪಟ್ಟು ಜನ ಬಳಿಕ ಸತ್ತರು. ಗೆದ್ದ ಅರಸರು ಸಾಮಾನ್ಯವಾಗಿ ಶಾಸನಗಳಲ್ಲಿ ತಮ್ಮ ಶೌರ್ಯವನ್ನು ಕೊಂಡಾಡಿಸುತ್ತಾರೆ. ಈ ಅರಸನಾದರೋ ತನ್ನ ಗೆಲುವು ತನಗೆ ತಂದ ಪಶ್ಚಾತ್ತಾಪವನ್ನು ಬರೆಸಿದನು. ಸತ್ತವರಿಗಾಗಿ ಮಾತ್ರವಲ್ಲ, ಬದುಕುಳಿದು ಬಂಧುಗಳನ್ನೂ ಮಿತ್ರರನ್ನೂ ಕಳೆದುಕೊಂಡವರ ನೋವಿಗಾಗಿಯೂ ಆತನು ಮರುಗಿದನು. ಅಂದು ಮಡಿದವರ ನೂರನೆಯ ಒಂದು ಪಾಲು, ಸಾವಿರದ ಒಂದು ಪಾಲು ಜನ ಇಂದು ನೊಂದರೂ ಅದು ತನಗೆ ದುಃಖಕರವೆಂದು ತಿಳಿಸಿದನು.

ಒಂದು ನೋವನ್ನು ನಿಜವಾಗಿ ಕಂಡ ಕಣ್ಣು ಮತ್ತೊಂದು ನೋವಿನ ಮುಂದೆ ಮುಚ್ಚಿಕೊಳ್ಳಲಾರದು. ಮನುಷ್ಯನ ಸಾವಿಗೆ ಕರಗಿದ ಅಶೋಕನ ಮನಸ್ಸು ಕ್ರಮೇಣ ಪ್ರಾಣಿಗಳ ಕಡೆಗೆ ಹೊರಳಿತು. ರಣರಂಗದಿಂದ ಅಡುಗೆಮನೆಯವರೆಗಿನ ಈ ಹಾದಿಯನ್ನು ಆತನು ಒಂದೇ ನೆಗೆತದಲ್ಲಿ ದಾಟಲಿಲ್ಲ. ಅದಕ್ಕೆ ವರ್ಷಗಳೇ ಹಿಡಿದವು. ನಾವು ಗಮನಿಸಬೇಕಾದುದು ಇದನ್ನೇ.

ಮೊದಲ ವರ್ಷದ ಮಂದಗತಿ

ಗವಿಮಠದ ಬಂಡೆಯ ಶಾಸನ ಹೇಳುವುದು ಈ ಮಂದಗತಿಯ ಕಥೆಯನ್ನು. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೇಲಾಯಿತು, ಆದರೆ ಮೊದಲ ಒಂದು ವರ್ಷ ತಾನು ಹೆಚ್ಚಿನ ಸಾಧನೆ ಮಾಡಲಿಲ್ಲ, ಸಂಘದ ಸಾಮೀಪ್ಯಕ್ಕೆ ಬಂದು ಒಂದು ವರ್ಷಕ್ಕೂ ಮಿಕ್ಕ ಕಾಲದಿಂದ ಮಾತ್ರ ತೀವ್ರವಾಗಿ ಪ್ರಯತ್ನಿಸುತ್ತಿದ್ದೇನೆ ಎಂಬುದು ಅದರ ತಾತ್ಪರ್ಯ. ಸಾಮ್ರಾಟನೊಬ್ಬನು ತನ್ನ ಪ್ರಜೆಗಳಿಗೆ, ನಾನು ಧರ್ಮವನ್ನು ಸ್ವೀಕರಿಸಿದೆನಾದರೂ ಒಂದು ವರ್ಷ ಆಲಸ್ಯದಲ್ಲಿಯೇ ಕಳೆದೆ ಎಂಬ ಅರ್ಥದ ಮಾತನ್ನು ಕಲ್ಲಿನಲ್ಲಿ ಕೊರೆಸಿ ತಿಳಿಸಿದನು. ಇಂಥ ಒಪ್ಪಿಗೆ ಜಗತ್ತಿನ ಅರಸರ ಶಾಸನಗಳಲ್ಲಿ ಬಹು ಅಪರೂಪ.

ಅದೇ ಶಾಸನದ ಮುಂದಿನ ಮಾತು ಇನ್ನೂ ಮಹತ್ವದ್ದು. ಈ ಫಲವು ದೊಡ್ಡವರಿಗೆ ಮಾತ್ರ ದಕ್ಕತಕ್ಕದ್ದಲ್ಲ. ಅಲ್ಪನೂ ಪ್ರಯತ್ನಿಸಿದರೆ ಹಿರಿದಾದ ಗತಿಯನ್ನು ಪಡೆಯಬಲ್ಲನು ಎಂದು ಅರಸನು ಸಾರುತ್ತಾನೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉದೇಗೋಳಗಳಲ್ಲಿ ಇದೇ ಸಂದೇಶ ಸ್ವಲ್ಪ ಸ್ವಲ್ಪ ವ್ಯತ್ಯಾಸಗಳೊಂದಿಗೆ ದೊರೆತಿದೆ. ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರ ಮೂಲಕ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ತಲುಪಿತು. ತಾಯಿತಂದೆಗಳ ಸೇವೆ ಮಾಡಬೇಕು, ಗುರುಹಿರಿಯರನ್ನು ಗೌರವಿಸಬೇಕು, ಸತ್ಯವನ್ನು ನುಡಿಯಬೇಕು, ಪ್ರಾಣಿಗಳಲ್ಲಿ ದೃಢವಾದ ದಯೆ ಇರಬೇಕು ಎಂಬ ಬೋಧೆ ಅದರಲ್ಲಿದೆ. ಕನ್ನಡ ನೆಲದಲ್ಲಿ ಇದುವರೆಗೆ ದೊರೆತ ಅತ್ಯಂತ ಹಳೆಯ ಬರಹಗಳ ಸಾಲಿನಲ್ಲಿಯೇ ಪ್ರಾಣಿದಯೆಯ ಮಾತಿದೆ ಎಂಬುದು ನಮಗೆ ಹೆಮ್ಮೆಯ ಸಂಗತಿ.

ಎರಡು ನವಿಲು, ಒಂದು ಜಿಂಕೆ

ಅಡುಗೆಮನೆಯ ಮಾತು ಬರುವುದು ಮೊದಲನೆಯ ಬಂಡೆಗಲ್ಲು ಶಾಸನದಲ್ಲಿ. ಗುಜರಾತಿನ ಗಿರ್ನಾರ್, ಉತ್ತರದ ಕಾಲ್ಸಿ, ಒಡಿಶಾದ ಧೌಲಿ, ನಮ್ಮ ಬಳ್ಳಾರಿ ಗಡಿಯಿಂದ ಬಹುದೂರವಲ್ಲದ ಆಂಧ್ರದ ಎರ್ರಗುಡಿ ಮುಂತಾದೆಡೆ ಈ ಶಾಸನವಿದೆ. ಬಲಿಗಾಗಿ ಪ್ರಾಣಿಗಳನ್ನು ಕೊಲ್ಲಬಾರದೆಂದು, ಹಿಂಸೆಗೆ ಎಡೆಗೊಡುವ ಜಾತ್ರೆ ಕೂಟಗಳನ್ನು ನಡೆಸಬಾರದೆಂದು ಅದು ಮೊದಲು ಆಜ್ಞಾಪಿಸುತ್ತದೆ. ಪರರಿಗೆ ಆಜ್ಞೆ ಮಾಡಿ ಅರಸನು ಅಲ್ಲಿಗೇ ನಿಲ್ಲಲಿಲ್ಲ. ತನ್ನ ಮನೆಯ ಒಲೆಯ ಕಡೆಗೂ ಬೆರಳು ತೋರಿದನು. ಹಿಂದೆ ತನ್ನ ಪಾಕಶಾಲೆಯಲ್ಲಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವು. ಈ ಶಾಸನವನ್ನು ಬರೆಸುವ ಹೊತ್ತಿಗೆ ಸಾಯುತ್ತಿರುವುದು ಮೂರೇ ಪ್ರಾಣಿಗಳು, ಎರಡು ನವಿಲು ಮತ್ತು ಒಂದು ಜಿಂಕೆ. ಆ ಜಿಂಕೆಯೂ ನಿತ್ಯವಲ್ಲ. ಮುಂದೆ ಈ ಮೂರನ್ನೂ ಕೊಲ್ಲಲಾಗುವುದಿಲ್ಲ ಎಂಬ ವಾಗ್ದಾನದೊಂದಿಗೆ ಶಾಸನ ಮುಗಿಯುತ್ತದೆ.

ಈ ಲೆಕ್ಕವನ್ನು ಸ್ವಲ್ಪ ಆಲೋಚಿಸಿ ನೋಡೋಣ. ಅಶೋಕನು ಇನ್ನೊಂದು ವರ್ಷ ಕಾದು, ಆ ಮೂರು ಪ್ರಾಣಿಗಳ ವಧೆಯೂ ನಿಂತ ಮೇಲೆ ಶಾಸನ ಬರೆಸಬಹುದಾಗಿತ್ತು. ಆಗ ಪೂರ್ಣ ಅಹಿಂಸಾವ್ರತಿಯೆಂಬ ಕೀರ್ತಿ ಕಲ್ಲಿನಲ್ಲಿ ನಿಲ್ಲುತ್ತಿತ್ತು. ಅಥವಾ ಮೂರೇ ತಾನೆ ಎಂದು ಆ ಮಾತನ್ನು ಮುಚ್ಚಿಡಬಹುದಾಗಿತ್ತು. ಅರಸನ ಅಡುಗೆಮನೆಗೆ ಇಣುಕಿ ನೋಡುವವರು ಯಾರು? ಆತನು ಎರಡನ್ನೂ ಮಾಡಲಿಲ್ಲ. ಆಗಿರುವಷ್ಟನ್ನು ಆಗಿದೆಯೆಂದು, ಆಗದಿರುವುದನ್ನು ಆಗಿಲ್ಲವೆಂದು, ಮುಂದೆ ಆಗಬೇಕಾದುದನ್ನು ಆಗಬೇಕೆಂದು ಹೇಳಿದನು. ಸಾಮ್ರಾಜ್ಯದ ಉದ್ದಗಲಕ್ಕೂ ಪ್ರಜೆಗಳು ಆ ಲೆಕ್ಕವನ್ನು ಓದಿಸಿ ಕೇಳಿದರು. ಅರಸನ ತಟ್ಟೆಯಲ್ಲಿ ಇನ್ನೂ ನವಿಲಿದೆ ಎಂಬುದು ಎಲ್ಲರಿಗೂ ಗೊತ್ತಾಯಿತು. ಅದು ಮುಂದೆ ಇರಬಾರದೆಂದು ಆತನು ಮಾತು ಕೊಟ್ಟಿದ್ದಾನೆಂಬುದೂ ಗೊತ್ತಾಯಿತು. ಗುಟ್ಟಾಗಿ ಮಾಡಿದ ಸಂಕಲ್ಪವನ್ನು ಗುಟ್ಟಾಗಿಯೇ ಮುರಿಯಬಹುದು. ಹತ್ತು ಜನರ ಮುಂದೆ ಕೊಟ್ಟ ಮಾತು ಕೊಟ್ಟವನನ್ನೇ ಕಾಯುತ್ತದೆ.

ಇನ್ನೊಂದು ಅಂಶವನ್ನೂ ಇಲ್ಲಿ ನೆನೆಯಬೇಕು. ಅಂದಿನ ಬೌದ್ಧ ಭಿಕ್ಷುಗಳಿಗೂ ಭಿಕ್ಷಾಪಾತ್ರೆಗೆ ಬಂದ ಮಾಂಸವು ತಮಗಾಗಿಯೇ ಕೊಂದದ್ದಲ್ಲವೆಂದಾದರೆ ಸಂಪೂರ್ಣವಾಗಿ ನಿಷಿದ್ಧವಾಗಿರಲಿಲ್ಲ. ಗೃಹಸ್ಥನಾದ ಉಪಾಸಕನಿಗಂತೂ ಅಂಥ ಕಟ್ಟಳೆ ಇರಲಿಲ್ಲ. ಅಶೋಕನನ್ನು ಯಾವ ಶಾಸ್ತ್ರವೂ ಬಲವಂತಪಡಿಸಲಿಲ್ಲ, ಯಾವ ಗುರುವಿನ ಶಾಪಭಯವೂ ಬೆನ್ನಟ್ಟಲಿಲ್ಲ. ಆತನು ಬಿಟ್ಟದ್ದು ಒಳಗಿನ ಕರುಣೆಯಿಂದ. ಹೊರಗಿನ ಭಯದಿಂದ ಬಿಟ್ಟದ್ದು ಭಯ ಕಳೆದ ದಿನ ಮರಳಿ ಬರುತ್ತದೆ. ಕರುಣೆಯಿಂದ ಬಿಟ್ಟದ್ದು ಬಿಟ್ಟೇ ಹೋಗುತ್ತದೆ.

ಬೇಟೆಯ ದಾರಿ ಯಾತ್ರೆಯ ದಾರಿಯಾಯಿತು

ರೂಢಿಯೊಂದನ್ನು ಬಿಟ್ಟಾಗ ಅದು ಇದ್ದ ಜಾಗ ಬರಿದಾಗುತ್ತದೆ. ಬರಿದಾದ ಜಾಗವನ್ನು ಒಳಿತಿನಿಂದ ತುಂಬದಿದ್ದರೆ ಹಳೆಯದೇ ಮರಳಿ ಬಂದು ಕುಳಿತುಕೊಳ್ಳುತ್ತದೆ. ಅಶೋಕನು ಇದನ್ನು ಚೆನ್ನಾಗಿ ಅರಿತಿದ್ದನು. ಹಿಂದಿನ ಅರಸರು ವಿಹಾರಯಾತ್ರೆಗಳಿಗೆ ಹೊರಡುತ್ತಿದ್ದರು, ಅವುಗಳಲ್ಲಿ ಬೇಟೆಯೇ ಮುಖ್ಯ ವಿನೋದವಾಗಿತ್ತು ಎಂದು 8ನೆಯ ಬಂಡೆಗಲ್ಲು ಶಾಸನ ತಿಳಿಸುತ್ತದೆ. ಪಟ್ಟಾಭಿಷೇಕದ 10 ವರ್ಷಗಳ ಬಳಿಕ ಅಶೋಕನು ಬುದ್ಧನಿಗೆ ಜ್ಞಾನೋದಯವಾದ ಬೋಧಗಯೆಗೆ ಹೋದನು. ಅಂದಿನಿಂದ ಬೇಟೆಯ ಯಾತ್ರೆಯ ಬದಲಿಗೆ ಧರ್ಮಯಾತ್ರೆ ಮೊದಲಾಯಿತು. ಶ್ರಮಣರನ್ನೂ ಬ್ರಾಹ್ಮಣರನ್ನೂ ಕಾಣುವುದು, ವೃದ್ಧರಿಗೆ ದಾನ ಕೊಡುವುದು, ಹಳ್ಳಿಗಾಡಿನ ಜನರನ್ನು ಭೇಟಿಯಾಗಿ ಧರ್ಮವಿಚಾರ ಮಾಡುವುದು ಆ ಯಾತ್ರೆಯ ಕಾರ್ಯಗಳಾದವು. ಇದರಲ್ಲಿ ತನಗೆ ಹೆಚ್ಚಿನ ಆನಂದವಿದೆ ಎಂದೂ ಅರಸನು ತಿಳಿಸಿದ್ದಾನೆ. ಬಿಟ್ಟದ್ದಕ್ಕಾಗಿ ಹಲುಬುವ ಧ್ವನಿ ಅಲ್ಲೆಲ್ಲಿಯೂ ಇಲ್ಲ.

ಅಫ್ಘಾನಿಸ್ತಾನದ ಕಂದಹಾರದಲ್ಲಿ 1958ರಲ್ಲಿ ಗ್ರೀಕ್ ಮತ್ತು ಅರಾಮಿಕ್ ಎಂಬ ಎರಡು ಭಾಷೆಗಳಲ್ಲಿರುವ ಅಶೋಕನ ಶಾಸನವೊಂದು ಬೆಳಕಿಗೆ ಬಂದಿತು. ಅದೂ ಪಟ್ಟಾಭಿಷೇಕದ 10 ವರ್ಷಗಳು ತುಂಬಿದ ಬಳಿಕದ್ದು. ಗ್ರೀಕ್ ಪಾಠವು ಅರಸನು ಪ್ರಾಣಿಗಳ ವಿಷಯದಲ್ಲಿ ಸಂಯಮಿಯಾಗಿದ್ದಾನೆಂದು ಹೇಳಿದರೆ, ಅರಾಮಿಕ್ ಪಾಠವು ಅರಸನಿಗಾಗಿ ಕೆಲವೇ ಪ್ರಾಣಿಗಳನ್ನು ಕೊಲ್ಲಲಾಗುತ್ತಿದೆ ಎಂದು ಒಪ್ಪಿಕೊಳ್ಳುತ್ತದೆ. ಅರಸನನ್ನು ಕಂಡು ಆತನ ಬೇಟೆಗಾರರೂ ಬೆಸ್ತರೂ ತಮ್ಮ ಕಾರ್ಯವನ್ನು ನಿಲ್ಲಿಸಿದರೆಂದೂ, ಸಂಯಮವಿಲ್ಲದವರು ತಮ್ಮ ಶಕ್ತ್ಯನುಸಾರ ಸಂಯಮಕ್ಕೆ ಬಂದರೆಂದೂ ಆ ಶಾಸನ ತಿಳಿಸುತ್ತದೆ. ಶಕ್ತ್ಯನುಸಾರ ಎಂಬ ಭಾವವನ್ನು ನಾವು ಇಲ್ಲಿ ಗುರುತಿಸಬೇಕು. ಪ್ರತಿಯೊಬ್ಬನೂ ತನ್ನಿಂದಾದಷ್ಟು ಮುಂದೆ ಬಂದನೆಂಬುದೇ ಅರಸನಿಗೆ ಸಂತೋಷದ ಸಂಗತಿಯಾಗಿತ್ತು.

ಕರುಣೆಯು ಕೇವಲ ನಿಷೇಧವಾಗಿಯೂ ಉಳಿಯಲಿಲ್ಲ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ವ್ಯವಸ್ಥೆಯನ್ನು ಮಾಡಿಸಿದ ಸಂಗತಿ 2ನೆಯ ಬಂಡೆಗಲ್ಲು ಶಾಸನದಲ್ಲಿದೆ. ಔಷಧಿಯ ಗಿಡಮೂಲಿಕೆಗಳು, ಹಣ್ಣುಹಂಪಲುಗಳು ಇಲ್ಲದ ಕಡೆಗೆ ಅವುಗಳನ್ನು ತರಿಸಿ ನೆಡಿಸಲಾಯಿತು. ದಾರಿಗಳ ಬದಿಯಲ್ಲಿ ಬಾವಿಗಳನ್ನು ತೋಡಿಸಿ, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ಮರಗಳನ್ನು ಬೆಳೆಸಲಾಯಿತು. ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರ ನಾಡುಗಳಿಗೂ, ಸಿಂಹಳಕ್ಕೂ, ಯವನರ ರಾಜ್ಯಗಳಿಗೂ ಈ ಸೇವೆ ಹಬ್ಬಿತು. ಹಿಂದೆ ಪ್ರಾಣಿಗಳನ್ನು ಆಹಾರವಾಗಿ ಕಂಡ ಅರಮನೆಯೇ ಅವುಗಳ ರೋಗಕ್ಕೆ ಮದ್ದನ್ನು ಅರಸಿತು.

ಇಪ್ಪತ್ತಾರನೆಯ ವರ್ಷದ ಪಟ್ಟಿ

ಪಟ್ಟಾಭಿಷೇಕದ 26 ವರ್ಷಗಳ ಬಳಿಕ ಬರೆಸಿದ 5ನೆಯ ಸ್ತಂಭಶಾಸನದಲ್ಲಿ ಅಶೋಕನು ಕೊಲ್ಲಬಾರದ ಜೀವಿಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಗಿಳಿ, ಗೊರವಂಕ, ಚಕ್ರವಾಕ, ಹಂಸ, ಬಾವಲಿ, ಆಮೆ, ಮುಳ್ಳುಹಂದಿ, ಘೇಂಡಾಮೃಗ, ಬಿಳಿಯ ಪಾರಿವಾಳ, ಊರ ಪಾರಿವಾಳ ಮುಂತಾದವು ಅದರಲ್ಲಿವೆ. ಉಪಯೋಗಕ್ಕೂ ಬಾರದ, ತಿನ್ನಲೂ ಬಾರದ ಯಾವ ನಾಲ್ಕು ಕಾಲಿನ ಪ್ರಾಣಿಯನ್ನೂ ಕೊಲ್ಲಕೂಡದು. ಗಬ್ಬವಾದ ಅಥವಾ ಹಾಲೂಡಿಸುತ್ತಿರುವ ಆಡು, ಕುರಿ, ಹಂದಿಗಳನ್ನು, ಆರು ತಿಂಗಳೊಳಗಿನ ಅವುಗಳ ಮರಿಗಳನ್ನು ಮುಟ್ಟಕೂಡದು. ಜೀವಿಗಳಿರುವ ಹೊಟ್ಟನ್ನು ಸುಡಬಾರದು, ಕಾಡಿಗೆ ವ್ಯರ್ಥವಾಗಿ ಬೆಂಕಿಯಿಡಬಾರದು, ಒಂದು ಜೀವಿಯನ್ನು ಇನ್ನೊಂದು ಜೀವಿಗೆ ಉಣಿಸಿ ಸಾಕಬಾರದು. ಗೊತ್ತಾದ ಹುಣ್ಣಿಮೆ ಮುಂತಾದ ಪರ್ವದಿನಗಳಲ್ಲಿ ಮೀನನ್ನು ಕೊಲ್ಲುವುದಾಗಲಿ ಮಾರುವುದಾಗಲಿ ಕೂಡದು. ಅಂಥ ದಿನಗಳಲ್ಲಿ ಹೋರಿಗಳ ಬೀಜ ಒಡೆಯುವುದೂ ಕೂಡದು.

ಈ ಪಟ್ಟಿಯನ್ನು ಓದಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. ಅಶೋಕನು ಪ್ರಜೆಗಳ ಮಾಂಸಾಹಾರವನ್ನು ಪೂರ್ತಿಯಾಗಿ ನಿಷೇಧಿಸಲಿಲ್ಲ. ಮೀನು ಮಾರುವುದನ್ನು ಕೆಲವು ದಿನಗಳಲ್ಲಿ ಮಾತ್ರ ತಡೆದನು. ಆಡುಕುರಿಗಳಲ್ಲಿ ತಾಯಿಯನ್ನೂ ಮರಿಯನ್ನೂ ಮಾತ್ರ ಉಳಿಸಿದನು. ದೊಡ್ಡ ಸೈನ್ಯವೂ ಅಧಿಕಾರಿವರ್ಗವೂ ಕೈಯಲ್ಲಿದ್ದ ಚಕ್ರವರ್ತಿಗೆ ಒಂದೇ ಆಜ್ಞೆಯಿಂದ ಎಲ್ಲವನ್ನೂ ನಿಲ್ಲಿಸಬೇಕೆಂಬ ಆಸೆ ಬಂದಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ತಾನೇ ವರ್ಷಾನುಗಟ್ಟಲೆ ಹೆಣಗಿ ದಾಟಿದ ಹಾದಿಯನ್ನು ಬೇರೆಯವರು ಒಂದೇ ದಿನದಲ್ಲಿ ದಾಟಬೇಕೆಂದು ಆತನು ಬಯಸಲಿಲ್ಲ. ತನಗೆ ಎರಡು ನವಿಲು, ಒಂದು ಜಿಂಕೆ ಉಳಿದಿದ್ದ ದಿನವನ್ನು ಆತನು ಮರೆತಿರಲಾರನು.

ಕಟ್ಟಳೆಗಿಂತ ಅರಿವು ಹಿರಿದು

ಮರುವರ್ಷ ಬರೆಸಿದ 7ನೆಯ ಸ್ತಂಭಶಾಸನ ಅಶೋಕನ ಜೀವನಾನುಭವದ ಸಾರದಂತಿದೆ. ಜನರಲ್ಲಿ ಧರ್ಮವು ಎರಡು ಬಗೆಯಿಂದ ಬೆಳೆಯಿತು, ಒಂದು ನಿಯಮಗಳಿಂದ, ಇನ್ನೊಂದು ಮನನದಿಂದ ಎಂದು ಆತನು ವಿವರಿಸುತ್ತಾನೆ. ಇಂತಿಂಥ ಪ್ರಾಣಿಗಳನ್ನು ಕೊಲ್ಲಬಾರದೆಂಬುದು ನಿಯಮ. ಆದರೆ ನಿಯಮದಿಂದ ಆದದ್ದು ಅಲ್ಪ, ಮನಸ್ಸಿಗೆ ಮನವರಿಕೆಯಾದುದರಿಂದ ಆದದ್ದೇ ಅಧಿಕ ಎಂಬುದು ಆತನ ನಿರ್ಣಯ. ಸುಮಾರು ಮೂರು ದಶಕಗಳ ಆಳ್ವಿಕೆಯ ಕೊನೆಯಲ್ಲಿ, ಆಜ್ಞೆ ಮಾಡುವುದೇ ಕೆಲಸವಾಗಿದ್ದ ಚಕ್ರವರ್ತಿ ಆಡಿದ ಮಾತಿದು.

ಇದನ್ನು ನಮ್ಮ ಮನೆಗಳಿಗೆ ಅನ್ವಯಿಸಿಕೊಳ್ಳಬೇಕು. ಮನೆಯ ಹಿರಿಯರು ಲಿಂಗದೀಕ್ಷೆ ಪಡೆದು ಮಾಂಸ ಬಿಟ್ಟೊಡನೆ ಮಕ್ಕಳ ಮೇಲೆ, ಸೊಸೆಯಂದಿರ ಮೇಲೆ, ನೆರೆಹೊರೆಯವರ ಮೇಲೆ ಕಟ್ಟಳೆ ಹೇರತೊಡಗಿದರೆ ಅಡುಗೆಮನೆ ಕಲಹದ ಮನೆಯಾಗುತ್ತದೆ. ಹೆದರಿಕೆಯಿಂದ ಮನೆಯಲ್ಲಿ ಬಿಟ್ಟವರು ಹೊರಗೆ ತಿಂದು ಬಂದು ಮರೆಮಾಚುತ್ತಾರೆ. ಆಗ ಹಿಂಸೆಯ ಜೊತೆಗೆ ಸುಳ್ಳೂ ಸೇರಿಕೊಳ್ಳುತ್ತದೆ. ಬಿಟ್ಟವರ ಮುಖದಲ್ಲಿ ಸಮಾಧಾನ ಕಂಡರೆ, ಅವರ ಮಾತಿನಲ್ಲಿ ಮೃದುತ್ವ ಹೆಚ್ಚಿದರೆ, ಉಳಿದವರು ತಾವಾಗಿಯೇ ಕಾರಣ ಕೇಳುತ್ತಾರೆ. ಆ ಕೇಳುವಿಕೆಯಿಂದಲೇ ಮನವರಿಕೆ ಮೊದಲಾಗುತ್ತದೆ.

ಹುಟ್ಟಿನಿಂದಲೇ ಸಸ್ಯಾಹಾರಿಗಳಾದವರಿಗೂ ಈ ಜೀವನದಲ್ಲಿ ಪಾಠವಿದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ದೇವಾಲಯದಲ್ಲಿ ದೊರೆತ ಶಿಲಾಫಲಕದ ಮೇಲೆ ಅಶೋಕನ 12ನೆಯ ಶಾಸನವಿದೆ. ತನ್ನ ಮತವನ್ನು ಹೊಗಳಿ ಪರಮತವನ್ನು ತೆಗಳುವವನು ತನ್ನ ಮತಕ್ಕೇ ಹಾನಿ ಮಾಡಿಕೊಳ್ಳುತ್ತಾನೆ, ಆದುದರಿಂದ ಮಾತಿನಲ್ಲಿ ಸಂಯಮವಿರಬೇಕು ಎಂಬುದು ಅದರ ಆಶಯ. ನಾಲಿಗೆಯ ಸಂಯಮವೆಂದರೆ ರುಚಿಯ ಸಂಯಮ ಮಾತ್ರವಲ್ಲ, ನುಡಿಯ ಸಂಯಮವೂ ಹೌದು. ಮಾಂಸ ತಿನ್ನದ ಬಾಯಿ ತಿನ್ನುವವರನ್ನು ಹೀನಾಯವಾಗಿ ಬೈದರೆ ಅಲ್ಲಿಯೂ ಹಿಂಸೆಯೇ ಇದೆ. ತಾನು ಬಿಡಲು ಕಷ್ಟಪಡದೆ ಇದ್ದುದನ್ನು ತನ್ನ ಸಾಧನೆಯೆಂದು ಎಣಿಸುವುದು ಸಲ್ಲದು. ರುಚಿಯನ್ನು ಬಲ್ಲವನು ಕರುಣೆಗಾಗಿ ಅದನ್ನು ಬಿಟ್ಟರೆ, ಆ ತ್ಯಾಗದ ತೂಕ ಬೇರೆಯೇ. ದಯೆಯನ್ನು ಧರ್ಮದ ತಳಹದಿಯೆಂದು ಸಾರಿದ ಬಸವಣ್ಣನವರ ಮಹಾಮನೆಗೆ ನಾನಾ ಕಾಯಕಗಳ, ನಾನಾ ಕುಲಗಳ ಜನ ಬಂದರು. ಅವರನ್ನು ಅಪ್ಪಿಕೊಂಡ ಬಳಿಕವೇ ಆಚಾರ ಬೆಳೆಯಿತು.

ಮರೆವು ಮತ್ತು ಮರುಹುಟ್ಟು

ಅಶೋಕನ ಬಳಿಕ ಮೌರ್ಯ ಸಾಮ್ರಾಜ್ಯ ಬಹುಕಾಲ ಉಳಿಯಲಿಲ್ಲ. ಆತನ ಲಿಪಿಯನ್ನು ಓದುವವರೂ ಇಲ್ಲವಾದರು. ಜನರು ಆ ಬಂಡೆಗಳ ಪಕ್ಕದಲ್ಲಿಯೇ ದನ ಮೇಯಿಸಿದರು, ಸ್ತಂಭಗಳನ್ನು ಭೀಮನ ಗದೆಯೆಂದು ನಂಬಿದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಗುಟ್ಟನ್ನು ಬಿಡಿಸಿದ ಮೇಲೆ ಆ ಕಲ್ಲುಗಳು ಮತ್ತೆ ಮಾತನಾಡಿದವು. ಆದರೆ ಹೆಚ್ಚಿನ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದವೇ ಹೊರತು ಅಶೋಕನೆಂಬ ಹೆಸರಿರಲಿಲ್ಲ. ಅದನ್ನು ನಿಸ್ಸಂದೇಹವಾಗಿ ತಿಳಿಸಿಕೊಟ್ಟದ್ದು 1915ರಲ್ಲಿ ಬೆಳಕಿಗೆ ಬಂದ ನಮ್ಮ ಮಸ್ಕಿಯ ಶಾಸನ. ಸನ್ನತಿಯ ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರನ್ನು ಬರೆದಿರುವ ಆತನ ಶಿಲ್ಪವೂ ದೊರೆಯಿತು. ಹೀಗೆ ಆತನ ಹೆಸರನ್ನೂ ರೂಪವನ್ನೂ ಲೋಕಕ್ಕೆ ಉಳಿಸಿಕೊಟ್ಟ ಪುಣ್ಯದಲ್ಲಿ ಕನ್ನಡ ನೆಲಕ್ಕೆ ದೊಡ್ಡ ಪಾಲಿದೆ.

ಅರ್ಧ ನೆಲ್ಲಿಕಾಯಿ

ಅಶೋಕನ ಕೊನೆಯ ದಿನಗಳ ಬಗ್ಗೆ ಅಶೋಕಾವದಾನವೆಂಬ ಬೌದ್ಧ ಗ್ರಂಥದಲ್ಲಿ ಒಂದು ಕಥೆಯಿದೆ. ಇದು ಇತಿಹಾಸವಲ್ಲ, ಭಕ್ತರು ಕಟ್ಟಿದ ಕಥೆ, ಆದರೂ ಅರ್ಥಗರ್ಭಿತವಾದುದು. ಮುಪ್ಪಿನಲ್ಲಿ ರೋಗಪೀಡಿತನಾಗಿದ್ದ ಅಶೋಕನು ಎಲ್ಲವನ್ನೂ ಸಂಘಕ್ಕೆ ದಾನ ಮಾಡತೊಡಗಿದನಂತೆ. ಬೊಕ್ಕಸ ಬರಿದಾದೀತೆಂದು ಹೆದರಿದ ಮಂತ್ರಿಗಳು ಆತನ ಅಧಿಕಾರವನ್ನು ತಡೆದರಂತೆ. ಕೊನೆಗೆ ಆ ಚಕ್ರವರ್ತಿಯ ಅಂಗೈಯಲ್ಲಿ ತನ್ನದೆಂದು ಉಳಿದದ್ದು ಅರ್ಧ ನೆಲ್ಲಿಕಾಯಿ ಮಾತ್ರ. ಅದನ್ನೂ ಆತನು ವಿಹಾರಕ್ಕೆ ಕಳುಹಿಸಿದನು. ಅಲ್ಲಿನ ಹಿರಿಯ ಭಿಕ್ಷುವು ಆ ಅರ್ಧ ನೆಲ್ಲಿಕಾಯಿಯನ್ನು ಅರೆದು ಸಾರಿನಲ್ಲಿ ಬೆರೆಸುವಂತೆ ಹೇಳಿ, ಸಂಘದ ಎಲ್ಲರಿಗೂ ಅದು ಸಲ್ಲುವಂತೆ ಮಾಡಿದನು.

ದಿನವೂ ಲಕ್ಷಗಟ್ಟಲೆ ಜೀವಗಳನ್ನು ಕೊಂದು ಸಾರು ಮಾಡುತ್ತಿದ್ದ ಅಡುಗೆಮನೆಯ ಒಡೆಯನ ಕೊನೆಯ ದಾನವು ಯಾವ ಜೀವಕ್ಕೂ ನೋವಾಗದ ಒಂದು ಸಾರಿನಲ್ಲಿ ಬೆರೆತು ಎಲ್ಲರ ಪಾಲಾಯಿತು. ಪ್ರಸಾದವೆಂಬ ಭಾವನೆಯನ್ನು ಬಲ್ಲ ನಮಗೆ ಈ ಕಥೆಯ ತಿರುಳು ಅಪರಿಚಿತವಲ್ಲ.

ಸದ್ಭಕ್ತರಲ್ಲಿ ವಿನಂತಿ

ಗವಿಮಠದ ಬೆಟ್ಟಕ್ಕೆ ಮರಳೋಣ. ಪ್ರತಿವರ್ಷ ಜಾತ್ರೆಯ ಕಾಲದಲ್ಲಿ ಅಲ್ಲಿನ ಮಹಾದಾಸೋಹಕ್ಕೆ ಸುತ್ತಮುತ್ತಲ ಹಳ್ಳಿಗಳ ತಾಯಂದಿರು ಜೋಳದ ರೊಟ್ಟಿಗಳನ್ನು ಬಡಿದು ಕಳುಹಿಸುತ್ತಾರೆ, ಮಾದಲಿ ಸಿದ್ಧವಾಗುತ್ತದೆ, ಕುಲಗೋತ್ರಗಳನ್ನು ಕೇಳದೆ ಲಕ್ಷಾಂತರ ಜನರಿಗೆ ಪ್ರಸಾದ ಸಲ್ಲುತ್ತದೆ. ಪಾಟಲಿಪುತ್ರದ ಅಡುಗೆಮನೆಯ ಲೆಕ್ಕವೂ ಲಕ್ಷದ್ದೇ, ಈ ದಾಸೋಹದ ಲೆಕ್ಕವೂ ಲಕ್ಷದ್ದೇ. ಅಲ್ಲಿ ಲಕ್ಷ ಜೀವಗಳು ಅಳಿದವು, ಇಲ್ಲಿ ಲಕ್ಷ ಜೀವಗಳು ಉಂಡು ತಣಿಯುತ್ತವೆ. ಆ ಪ್ರಸಾದದ ಪಂಕ್ತಿಯಲ್ಲಿ ಮನೆಯಲ್ಲಿ ಮಾಂಸ ತಿನ್ನುವವರೂ ಕುಳಿತಿರುತ್ತಾರೆ. ರೊಟ್ಟಿ, ಪಲ್ಯ, ಮಾದಲಿಗಳನ್ನು ಹೊಟ್ಟೆತುಂಬ ಉಂಡು, ಯಾವ ಕೊರತೆಯನ್ನೂ ಎಣಿಸದೆ ಎದ್ದುಹೋಗುತ್ತಾರೆ. ಒಂದು ಹೊತ್ತು ಸಾಧ್ಯವಾದುದು ಒಂದು ದಿನಕ್ಕೆ ಸಾಧ್ಯ, ಒಂದು ದಿನ ಸಾಧ್ಯವಾದುದು ಒಂದು ತಿಂಗಳಿಗೆ ಸಾಧ್ಯ.

ಮಾಂಸವನ್ನು ಬಿಡಬಹುದೇ ಎಂಬ ಪ್ರಶ್ನೆಗೆ ಆ ಬೆಟ್ಟದ ಬಂಡೆ ಕೊಡುವ ಉತ್ತರ ಸ್ಪಷ್ಟವಾಗಿದೆ. ಬಿಡಬಹುದು, ಅಲ್ಪನಿಗೂ ಅದು ಸಾಧ್ಯ. ಮೊದಲ ವರ್ಷ ಮಂದವಾಗಿ ಕಳೆದರೆ ಅದು ಸೋಲಲ್ಲ, ಅಶೋಕನದೂ ಹಾಗೆಯೇ ಕಳೆಯಿತು. ಶ್ರಾವಣಮಾಸದಲ್ಲಿ ಬಿಟ್ಟು ಆಮೇಲೆ ಎಡವಿದವರು ಮತ್ತೆ ಸಂಕಲ್ಪ ಮಾಡಲು ನಾಚಬೇಕಾಗಿಲ್ಲ. ಸೋಮವಾರಕ್ಕೆ ಇನ್ನೊಂದು ದಿನವನ್ನು ಸೇರಿಸಿ, ಅದಕ್ಕೆ ಮತ್ತೊಂದನ್ನು ಸೇರಿಸಿ ಮುಂದುವರಿಯಬಹುದು. ಬಿಟ್ಟ ಹೊತ್ತನ್ನು ಲಿಂಗಪೂಜೆಯಿಂದ, ವಚನಪಠಣದಿಂದ, ದಾಸೋಹಸೇವೆಯಿಂದ ತುಂಬಿಕೊಳ್ಳಬಹುದು. ಇಷ್ಟನ್ನು ಮಾತ್ರ ಮರೆಯಬಾರದು: ಇನ್ನೂ ಬಿಡಲಾಗದೆ ಉಳಿದಿರುವುದನ್ನು ಮರೆಮಾಚದೆ ಇಷ್ಟಲಿಂಗದ ಮುಂದೆ, ಗುರುವಿನ ಮುಂದೆ, ಮನೆಯವರ ಮುಂದೆ ಇದ್ದಂತೆಯೇ ಒಪ್ಪಿಕೊಳ್ಳಬೇಕು; ಅದನ್ನೂ ಬಿಡುವೆನೆಂದು ಮಾತು ಕೊಡಬೇಕು. ನಮ್ಮ ನಮ್ಮ ಅಡುಗೆಮನೆಗಳಲ್ಲಿ ಉಳಿದಿರುವ ಎರಡು ನವಿಲು ಯಾವುವು, ಒಂದು ಜಿಂಕೆ ಯಾವುದು ಎಂಬುದು ನಮಗೇ ಗೊತ್ತು.

ಮುಂದಿನ ಸಲ ಕೊಪ್ಪಳಕ್ಕೆ ಹೋದಾಗ ಗದ್ದುಗೆಯ ದರ್ಶನವಾದ ಬಳಿಕ ಆ ಬಂಡೆಯ ಬಳಿಗೂ ಹೋಗಿ ಬನ್ನಿರಿ. ಅಕ್ಷರಗಳನ್ನು ಓದಲು ಬಾರದಿದ್ದರೂ ಚಿಂತೆಯಿಲ್ಲ. ಅದರ ಅರ್ಥವನ್ನು ಮನೆಯ ಮಕ್ಕಳಿಗೆ ತಿಳಿಸಿ ಹೇಳಿರಿ.